ಬೂದಿದಿಬ್ಬದ ಬಗ್ಗೆ ಊರವರನ್ನು ಕೇಳುವುದು ಹೇಗೆ? ಬಳ್ಳಾರಿ ಕಡೆ ಸರ್ವೆಗೆ ಹೊರಟಿದ್ದೇವೆ

ಸರ್ವೆ ಹುಡುಗಿ

ಎಲ್ಲರಿಗೂ ನಮಸ್ಕಾರ. ಎಂ.ಎ. ಪುರಾತತ್ತ್ವ ಓದ್ತಿದೀನಿ. ಮಳೆ ನಿಂತ ಮೇಲೆ ನಾವೊಂದು ನಾಲ್ಕೈದು ಜನ ಬಳ್ಳಾರಿ, ಕುಡತಿನಿ, ಸಂಡೂರು ಕಡೆಯ ಬೂದಿದಿಬ್ಬಗಳ (ನವಶಿಲಾಯುಗದವರು ಬಿಟ್ಟುಹೋದ ಬೂದಿಯ ಗುಡ್ಡೆಗಳು) ಸರ್ವೆಗೆ ಹೋಗ್ತಿದೀವಿ. ಅಗೆಯೋದಿಲ್ಲ. ನೋಡಿ, ಅಳೆದು, ಫೋಟೊ ತೆಗೆದು ಬರೋದು ಅಷ್ಟೇ. ನಮ್ಮ ಗೈಡ್ ಮಾತ್ರ "ಊರವರ ಹತ್ರ ಮಾತಾಡಿ, ದನ ಸಾಕೋ ಪದ್ಧತಿ ಎಲ್ಲ ಬರ್ಕೊಂಡು ಬನ್ನಿ, ಒಂದು ಅಧ್ಯಾಯ ಆಗುತ್ತೆ" ಅಂದಿದಾರೆ. ಉದ್ದದ ಪ್ರಶ್ನೆಪಟ್ಟಿ ಒಂದನ್ನ ಪ್ರಿಂಟ್ ಹಾಕಿಸಿ ಇಟ್ಕೊಂಡಿದೀವಿ.

ಎರಡು ಅನುಮಾನ. ಒಂದು, ಈಗಿನ ದನಗಾಹಿ ಹೇಳೋ ಮಾತಿನಿಂದ ನಾಲ್ಕು ಸಾವಿರ ವರ್ಷದ ಹಿಂದಿನದು ನಿಜಕ್ಕೂ ಏನಾದರೂ ಗೊತ್ತಾಗುತ್ತಾ, ಅಥವಾ ಇದು ಅಧ್ಯಾಯ ತುಂಬಿಸೋ ಕೆಲಸವಾ? ಎರಡು, ಸೀನಿಯರ್ಸ್ ಹೇಳ್ತಾರೆ, ಹೋದಲ್ಲೆಲ್ಲ "ನಿಧಿ ಹುಡುಕೋಕೆ ಬಂದ್ರು" ಅಂತಾರಂತೆ. ಅದನ್ನ ಹೇಗೆ ಸಂಭಾಳಿಸೋದು?

ರಿಟೈರ್ಡ್ ಮೇಷ್ಟ್ರು

ಆ ಪ್ರಶ್ನೆಪಟ್ಟಿ ಮನೇಲೇ ಬಿಟ್ಟು ಹೋಗಮ್ಮ. ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದಲು ನಿನ್ನ ಒಂದನೇ ಅನುಮಾನಕ್ಕೆ ಬರೋಣ.

ಬೂದಿದಿಬ್ಬ ಅಂದರೇನು ಅನ್ನೋ ವಾದ ಸುಮಾರು ಇನ್ನೂರು ವರ್ಷದಿಂದ ನಡೀತಿದೆ. ನ್ಯೂಬೋಲ್ಡ್ ಎಂಬ ಮಿಲಿಟರಿ ಅಧಿಕಾರಿ 1843ರಲ್ಲಿ ಇವುಗಳ ಬಗ್ಗೆ ಬರೆದಾಗ ಜನ ಅವನಿಗೆ ಹೇಳಿದ್ದು, ಇದು ಭೀಮಸೇನ ಕೊಂದ ಹಿಡಿಂಬಾಸುರನ ಬೂದಿ ಅಂತ. ಹಂಪಿ ಪಕ್ಕದ ನಿಂಬಾಪುರದ ದಿಬ್ಬವನ್ನ ಇವತ್ತಿಗೂ ವಾಲಿಯನ್ನ ಸುಟ್ಟ ಜಾಗ ಅಂತಾರೆ. ಕತೆ ಅಂತ ನಗಬೇಡ. ವಿಜಯನಗರದ ಚರಿತ್ರೆ ಬರೆದ ಸೀವೆಲ್ ಸಾಹೇಬರ ಊಹೆಯೂ ಅದೇ ದಾರಿಯದ್ದು: ಸಾಮೂಹಿಕ ಸಹಗಮನದ ಬೂದಿ ಇರಬಹುದು ಅಂದರು. ರಾಕ್ಷಸನ ಬದಲು ರಾಣಿಯರು ಬಂದರು, ಅಷ್ಟೇ ವ್ಯತ್ಯಾಸ. ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸಗಣಿ ಅಂತ ಗುರುತಿಸಿದರು. ಲಂಡನ್ನಿನ ವಿಜ್ಞಾನಿ ಝಾಯ್ನರ್ 1950ರ ದಶಕದ ಕೊನೆಗೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿ ಅದನ್ನ ಖಚಿತ ಮಾಡಿದರು. ಸಾಧಾರಣ ಬೆಂಕಿಯಲ್ಲ, ಸಗಣಿ ಕರಗಿ ಗಾಜಿನಂಥ ಕಿಟ್ಟ ಕಟ್ಟುವಷ್ಟು ಕಾವು.

1957ರಲ್ಲಿ ಪುರಾತತ್ತ್ವಜ್ಞ ಆಲ್‌ಚಿನ್ ಅವರು ಇಂದಿನ ತೆಲಂಗಾಣದಲ್ಲಿರುವ ಉಟ್ನೂರಿನಲ್ಲಿ ಅಗೆದಾಗ ಕಂಬ ನೆಟ್ಟ ಗುಳಿಗಳ ಸಾಲು, ದನದ ಗೊರಸಿನ ಗುರುತು ಸಿಕ್ಕವು. ಅಂದರೆ ಬೇಲಿ ಕಟ್ಟಿ ದನ ಕೂಡಿದ ಜಾಗ. ಸರಿ, ಸುಟ್ಟಿದ್ದು ಯಾಕೆ? ಅದಕ್ಕೆ ಮಣ್ಣಿನಲ್ಲಿ ಉತ್ತರ ಇರಲಿಲ್ಲ. ಅವರು ನಮ್ಮ ಹಬ್ಬಗಳ ಕಡೆ ನೋಡಿದರು: ಹೋಳಿ, ದೀಪಾವಳಿ, ಸಂಕ್ರಾಂತಿ. ಬೆಂಕಿ ಇದೆ, ದನ ಇದೆ, ವರ್ಷದಲ್ಲಿ ಗೊತ್ತಾದ ದಿನ ಇದೆ. ದನ ಮೇಯಿಸಲು ಕಾಡಿಗೆ ಹೋಗುವಾಗಲೋ ಬರುವಾಗಲೋ ಹಟ್ಟಿಯ ಸಗಣಿಗೆ ಬೆಂಕಿ ಹಾಕುವ ಆಚರಣೆ ಇದ್ದಿರಬೇಕು ಅಂತ ವಾದಿಸಿದರು. ಮಾನವಶಾಸ್ತ್ರ ಪುರಾತತ್ತ್ವಕ್ಕೆ ಕೊಡೋದು ಇಂಥದ್ದು: ಗುದ್ದಲಿಗೆ ಸಿಗದ "ಯಾಕೆ"ಗೆ ಒಂದು ಊಹೆ. ಊಹೆ, ಸಾಕ್ಷಿ ಅಲ್ಲ.

ಮಂಡ್ಯದ ಮೂರ್ತಿ

ಮೇಷ್ಟ್ರೇ, ನಮ್ಮೂರಲ್ಲಿ ಸಂಕ್ರಾಂತಿಗೆ ಕಿಚ್ಚು ಹಾಯಿಸೋದು ನೋಡಿದೀರಾ? ದನಕ್ಕೆ ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆಗೆ ರಸ್ತೆಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಇಡ್ತಾರೆ. ಭಗ್ ಅಂತ ಎದ್ದು ಎರಡು ನಿಮಿಷಕ್ಕೆ ಇಳಿಯುತ್ತೆ. ಹಸು ಎತ್ತು ಎಲ್ಲ ಹಾರಿ ಆಚೆ ಹೋಗ್ತವೆ, ಹುಡುಗರೂ ಹಿಂದೇನೇ ಹಾರ್ತಾರೆ. ಬೆಳಗ್ಗೆ ಬಸ್ಸು ಓಡಾಡಿದ್ರೆ ಬೂದಿಯ ಗುರುತೇ ಇರಲ್ಲ. ಇದರಿಂದ ಆಳೆತ್ತರದ ದಿಬ್ಬ ಹೇಗ್ರೀ ಆಗುತ್ತೆ? ಸುಡೋದು ಸಗಣಿಯನ್ನೂ ಅಲ್ಲ.

ಗೊಬ್ಬರದ ಲೆಕ್ಕ

ಮೂರ್ತಿಯವರ ಮಾತಿಗೆ ಇನ್ನೊಂದು ಸೇರಿಸ್ತೀನಿ. ಕೃಷಿ ಪದವಿ ಓದಿ ಊರಲ್ಲೇ ಬೇಸಾಯ ಮಾಡೋನು ನಾನು.

ನಮ್ಮ ಕಡೆ ಸಗಣಿ ಅಂದರೆ ದುಡ್ಡು. ಕುರಿಗಾರರು ಬಂದರೆ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸಿ ಅಂತ ರೈತರೇ ಕೇಳ್ತಾರೆ, ಅದಕ್ಕೆ ಕಾಳೋ ದುಡ್ಡೋ ಕೊಡ್ತಾರೆ. ತಿಪ್ಪೆಗೆ ಬೇಸಿಗೆಯಲ್ಲಿ ಅಪ್ಪಿತಪ್ಪಿ ಬೆಂಕಿ ಬಿತ್ತು ಅಂದರೆ ಮನೇಲಿ ಸಾವಾದ ಹಾಗೆ ಗೋಳಾಡ್ತಾರೆ. ಮೇಲೆ ನೋಡಿದರೆ ಏನೂ ಇಲ್ಲ, ಬೂದುಬಣ್ಣದ ಹೊದಿಕೆ. ಕೋಲಿನಿಂದ ಕೆದಕಿದರೆ ಒಳಗೆ ಕೆಂಡ. ನೀರು ಹಾಕಿದರೂ ಇನ್ನೊಂದು ಮಗ್ಗುಲಲ್ಲಿ ಹೊಗೆ ಏಳುತ್ತೆ. ದಿನಗಟ್ಟಲೆ ಒಳಗೊಳಗೇ ಬೇಯುತ್ತೆ. ಹಾಗಾಗಿ ದೊಡ್ಡ ಸಗಣಿ ಗುಡ್ಡೆ ಹೇಗೆ ಸುಡುತ್ತೆ ಅಂತ ತಿಳಿಯಬೇಕಾದರೆ ಹಬ್ಬಕ್ಕಿಂತ ತಿಪ್ಪೆ ನೋಡೋದು ಒಳ್ಳೇದು.

ನನ್ನ ಪ್ರಶ್ನೆ ಬೇರೆ. ಆ ಕಾಲದವರು ಬರೀ ದನಗಾಹಿಗಳಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲು ಕಡೆಯ ಉತ್ಖನನಗಳಲ್ಲಿ ಸುಟ್ಟ ಕಾಳು ಸಿಕ್ಕಿವೆ: ಕೊರಲೆ, ಹುರುಳಿ, ಹೆಸರು. ಹೊಲ ಇದ್ದವರು ಗೊಬ್ಬರದ ಬೆಟ್ಟವನ್ನೇ ಯಾಕೆ ಸುಟ್ಟರು? ಇವತ್ತಿನ ಯಾವ ರೈತನನ್ನ ಕೇಳಿದರೂ "ಹುಚ್ಚರು" ಅಂತಾನೆ.

ರಿಟೈರ್ಡ್ ಮೇಷ್ಟ್ರು

ಇವರ ಪ್ರಶ್ನೆಯನ್ನ ಚೆನ್ನಾಗಿ ಓದ್ಕೊಳಮ್ಮ. ಇಂದಿನದು ಅಂದಿನದಕ್ಕೆ ಹೊಂದಿಕೆ ಆಗದೆ ಇರೋ ಜಾಗದಲ್ಲೇ ನಿನ್ನ ಅಧ್ಯಾಯ ಇರೋದು. ಹೊಂದಿಕೆ ಆಗೋ ಕಡೆ ಎಲ್ಲರೂ ಬರೀತಾರೆ. "ಇಂದಿಗೂ ಈ ಜನ ಹೀಗೇ ಬದುಕುತ್ತಿದ್ದಾರೆ" ಅಂತ ಒಂದು ವಾಕ್ಯ, ಒಬ್ಬ ಮುದುಕನ ಫೋಟೊ, ಮುಗೀತು. ಸಗಣಿಗೆ ಗೊಬ್ಬರದ ಬೆಲೆ ಇವತ್ತು ಇರೋ ಹಾಗೆ ಅವತ್ತು ಇರಲಿಲ್ಲ ಅಂತ ಇಟ್ಕೋ. ಆಗ ಅದಕ್ಕೆ ಏನು ಬೆಲೆ ಇತ್ತು? ರೋಗದ ಭಯವಾ, ಉಣ್ಣಿ, ನೊಣದ ಕಾಟವಾ, ದೇವರ ವಿಷಯವಾ, ನಮ್ಮ ಹಟ್ಟಿ ದೊಡ್ಡದು ಅಂತ ದೂರಕ್ಕೆ ಕಾಣಿಸೋ ಹಮ್ಮಾ?

ಕೊನೇದು ನನ್ನ ಕಲ್ಪನೆ ಅಲ್ಲ. ಪೀಟರ್ ಜೊಹಾನ್ಸನ್ ಅವರಂಥ ಪುರಾತತ್ತ್ವಜ್ಞರು ಬೂದಿದಿಬ್ಬವನ್ನ ಬೇಕೆಂದೇ ಎತ್ತರಿಸಿದ ಸ್ಮಾರಕ ಅಂತ ನೋಡಿದಾರೆ. ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಸುರಪುರ ತಾಲೂಕಿನ ಬೂದಿಹಾಳದಲ್ಲಿ 1990ರ ದಶಕದಲ್ಲಿ ಹಲವು ಋತು ಅಗೆದು ಬೇರೆ ಚಿತ್ರ ಕೊಟ್ಟರು: ದನ ಕೂಡುವ ಜಾಗದ ಪಕ್ಕದಲ್ಲೇ ಜನ ವಾಸವಿದ್ದರು, ಚಕಮಕಿ ಕಲ್ಲಿನ ಅಲಗು ಮಾಡುವ ಜಾಗ ಇತ್ತು, ದನ ಕೊಯ್ದು ಪಾಲು ಮಾಡಿದ ನೆಲ ಇತ್ತು, ಮಕ್ಕಳನ್ನ ಹೂತ ಮಡಕೆಗಳಿದ್ದವು. ಅಂದರೆ ಕಾಡಿನ ತಾತ್ಕಾಲಿಕ ದನದ ರೊಪ್ಪ ಅಲ್ಲ, ಸಂಸಾರ ನಡೆದ ಊರು. ಆಲ್‌ಚಿನ್ ಚಿತ್ರಕ್ಕೂ ಇದಕ್ಕೂ ಎಷ್ಟು ದೂರ ನೋಡು. ನನ್ನ ಒಲವು ಪದ್ದಯ್ಯನವರ ಕಡೆ, ಹಾಗಂತ ಬೆಂಕಿಯ "ಯಾಕೆ" ಇನ್ನೂ ತೀರಿಲ್ಲ.

ಫೀನಿಕ್ಸ್ ಕನ್ನಡಿಗ

ಅಮೆರಿಕದಲ್ಲಿ ಇದೇ ಜಗಳದ ಹಳೇ ಉದಾಹರಣೆ ಒಂದಿದೆ. ಇಲಿನಾಯ್ ಕಡೆ ಸಣ್ಣ ಸಣ್ಣ ಗುಳಿಗಳಲ್ಲಿ ಸುಟ್ಟ ಮೆಕ್ಕೆಜೋಳದ ದಿಂಡು ಸಿಕ್ಕವು. 1967ರಲ್ಲಿ ಬಿನ್‌ಫೋರ್ಡ್ ಅನ್ನೋ ಪುರಾತತ್ತ್ವಜ್ಞ, ಮೂಲನಿವಾಸಿಗಳ ಬಗ್ಗೆ ಬರೆದಿಟ್ಟ ಹಳೇ ವರದಿಗಳನ್ನ ಹುಡುಕಿ, ಇವು ತೊಗಲಿಗೆ ಹೊಗೆ ಹಾಕಿ ಹದ ಮಾಡೋ ಗುಳಿ ಅಂದ. ಅಚ್ಚುಕಟ್ಟಾದ ವಾದ. ಎರಡೇ ವರ್ಷಕ್ಕೆ ಮನ್ಸನ್ ಅನ್ನೋರು ಅದೇ ತರದ ವರದಿಗಳಿಂದಲೇ ಮಡಕೆಗೆ ಹೊಗೆ ಕೊಟ್ಟು ಕಪ್ಪು ಮಾಡೋ ಗುಳಿಯೂ ಇರಬಹುದಲ್ಲ ಅಂತ ತೋರಿಸಿದರು. ಗುಳಿ ಅದೇ, ದಿಂಡು ಅದೇ. ಹಾಗಾಗಿ ಒಂದು ಹೋಲಿಕೆ ಸಿಕ್ಕ ತಕ್ಷಣ ನಿಲ್ಲಬೇಡಿ, ಕಡಿಮೆ ಅಂದರೂ ಎರಡು ಹುಡುಕಿ. ಆಮೇಲೆ ಇವೆರಡರಲ್ಲಿ ವ್ಯತ್ಯಾಸ ಮಣ್ಣಲ್ಲಿ ಎಲ್ಲಿ ಕಾಣಬೇಕು ಅಂತ ಕೇಳಿ.

ಹಟ್ಟಿಯವಳು

ಇಷ್ಟೊತ್ತು ಸುಮ್ಮನೆ ಓದ್ತಿದ್ದೆ. ನಾನು ಚಿತ್ರದುರ್ಗ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಯಲ್ಲಿ ಹುಟ್ಟಿ ಬೆಳೆದವಳು, ಈಗ ಬೆಂಗಳೂರಲ್ಲಿ ಲೆಕ್ಕಪತ್ರದ ಕೆಲಸ.

ನಮ್ಮ ಹಟ್ಟಿಗೆ ಎಂಥೆಂಥವರೋ ಬಂದಿದಾರೆ. ಮುಳ್ಳುಬೇಲಿ ಫೋಟೊ ಬೇಕು, ರೊಪ್ಪದ ಫೋಟೊ ಬೇಕು, ಆಮೇಲೆ ಮುಟ್ಟಾದ ಹೆಂಗಸರನ್ನ ಎಲ್ಲಿ ಇರಿಸ್ತೀರಿ ಅಂತ ಗಂಡಸರ ಎದುರಿಗೇ ಕೇಳೋದು. ಒಂದು ಲೇಖನದಲ್ಲಿ ನಮ್ಮ ಹಟ್ಟಿ ಥರದ ಫೋಟೊ ಕೆಳಗೆ "ನವಶಿಲಾಯುಗದ ಜೀವಂತ ಪಳೆಯುಳಿಕೆ" ಅಂತ ಹಾಕಿದ್ದರು. ಅದೇ ಫೋಟೊದ ಮೂಲೇಲಿ ಡಿಶ್ ಆಂಟೆನಾ ಇತ್ತು ಕಣ್ರೀ! ನಮ್ಮ ಅಜ್ಜನ ಕಾಲಕ್ಕೂ ನಮ್ಮಪ್ಪನ ಕಾಲಕ್ಕೂ ದನ ಮೇಯಿಸೋದರಲ್ಲಿ ಅಜಗಜಾಂತರ. ಗೋಮಾಳ ಹೋಯ್ತು, ಬೋರ್‌ವೆಲ್ ಬಂತು, ಈರುಳ್ಳಿ ಬಂತು, ದನ ಕಡಿಮೆ ಆಗಿ ಕುರಿ ಜಾಸ್ತಿ ಆಯ್ತು. ಇಷ್ಟು ಬದಲಾದವರು ಮಿಕ್ಕ ನಾಲ್ಕು ಸಾವಿರ ವರ್ಷ ಕದಲದೆ ಕೂತಿದ್ರು ಅಂತ ಹೇಗೆ ಅಂದ್ಕೋತೀರಿ?

ಕೇಳಬೇಡಿ ಅಂತಲ್ಲ. ಕೇಳೋದಕ್ಕೆ ಬೇಕಾದಷ್ಟಿದೆ. ಚಳ್ಳಕೆರೆ ತಾಲೂಕಿನಲ್ಲಿ ನಮ್ಮ ದೇವರು ಕ್ಯಾತಪ್ಪನ ಜಾತ್ರೆಗೆ ಬಾರೆಮುಳ್ಳಿನಲ್ಲಿ ಗುಡಿ ಕಟ್ಟಿ, ಬರಿಗಾಲಲ್ಲಿ ಅದನ್ನ ಹತ್ತಿ ಕಳಸ ಇಳಿಸ್ತಾರೆ. ಟಿ.ವಿ.ಯವರು ರಕ್ತ ಬಂತಾ ಇಲ್ವಾ ಅಂತ ತೋರಿಸ್ತಾರೆ. ಮುಳ್ಳು ಯಾರು ತರಬೇಕು, ಯಾರು ಕಟ್ಟಬೇಕು, ಯಾರು ಹತ್ತಬೇಕು, ಇದರ ಕಟ್ಟಳೆ ಕೇಳಿ. ಮುಳ್ಳು ಅನ್ನೋದು ನಮಗೆ ಬರೀ ಬೇಲಿ ಸಾಮಾನಲ್ಲ ಅನ್ನೋದು ಆಗ ಗೊತ್ತಾಗುತ್ತೆ. ಉಟ್ನೂರಲ್ಲಿ ಕಂಬದ ಗುಳಿ ಸಿಕ್ತು ಅಂದ್ರಲ್ಲ ಮೇಷ್ಟ್ರು, ಮುಳ್ಳು ಕೊಳೆತು ಹೋಗುತ್ತೆ, ಗುಳಿ ಮಾತ್ರ ಉಳಿಯುತ್ತೆ. ಆ ಗುಳಿ ಸುತ್ತ ಏನೇನು ಇದ್ದಿರಬಹುದು ಅಂತ ಯೋಚಿಸೋಕೆ ನಮ್ಮ ಮಾತು ಉಪಯೋಗಕ್ಕೆ ಬರಲಿ. ನಾವೇ ಅವರು ಅಂತ ಬರೀಬೇಡಿ.

ಸರ್ವೆ ಹುಡುಗಿ

ಅಕ್ಕಾ, ಇದನ್ನ ನಮ್ಮ ತಂಡದ ಗ್ರೂಪಿಗೆ ಹಾಕ್ಲಾ? ನಿಮ್ಮ ಹೆಸರು ಬೇಡ ಅಂದ್ರೆ ಹಾಕಲ್ಲ.

ಹಟ್ಟಿಯವಳು

ಹಾಕಮ್ಮ. ಹೆಸರು ಹೇಗೂ ಇಲ್ಲವಲ್ಲ.

ಸುರಪುರದ ಶರಣ

ನಾ ಭಾಳ ಓದಿದಾಂವ ಅಲ್ರಿ. ಆದ್ರ ಅಗಿತದ ಕೆಲಸಕ್ಕ ಕೂಲಿಗೆ ಹೋಗೀನಿ, ಅದನ್ನ ಹೇಳ್ತೀನಿ. ಯಾರ ಕೆಲಸ, ಯಾ ಊರು ಅಂತ ಕೇಳಬ್ಯಾಡ್ರಿ.

ಕೆಲಸ ಚಾಲೂ ಆಗೋ ದಿನ ನಮ್ಮ ಮೇಸ್ತ್ರಿ ಕಾಯಿ ಒಡಿಬೇಕಂದ. ಸಾಹೇಬ್ರು ಗಡಿಯಾರ ನೋಡಿದ್ರು. ಕಾಯಿ ಒಡಿಯೂತನಾ ಯಾರೂ ಗುದ್ದಲಿ ಮುಟ್ಟಲಿಲ್ಲ, ಅಷ್ಟು ಖರೇ. ಮಣ್ಣು ಸಾಣಿಸೋದು ಹೆಣ್ಮಕ್ಕಳ ಕೆಲಸ. ಜೋಳ ಹಸನ ಮಾಡಿದ ಕೈ ಅವು, ಸಾಸಿವಿ ಕಾಳಿನಷ್ಟು ಮಣಿ ಇದ್ರೂ ಬಿಡಂಗಿಲ್ಲ. ಸಾಹೇಬ್ರಿಗೆ ಮಣ್ಣಿನ ಬಣ್ಣ ಕಾಣೂಕಿಂತ ಮೊದಲ ನಮ್ಮ ಕೈಗೆ ತಿಳಿತಿತ್ತು, ಇಲ್ಲಿ ಗಟ್ಟಿ ಐತಿ, ಇಲ್ಲಿ ಯಾರೋ ತೋಡಿ ಮುಚ್ಯಾರ ಅಂತ. ಹೇಳಿದ್ರ ಒಬ್ಬ ಹುಡುಗ ಸಾಹೇಬ ಕೇಳ್ತಿದ್ದ, ಉಳಿದವ್ರು "ನೀ ಅಗಿ" ಅಂತಿದ್ರು.

ಒಂದು ದಿನ ಮಡಿಕ್ಯಾಗ ಸಣ್ಣ ಕೂಸಿನ ಎಲುಬು ಬಂತು. ಹೆಣ್ಮಕ್ಕಳು ಜರಡಿ ಕೆಳಗಿಟ್ಟು ದೂರ ಸರದು ನಿಂತ್ರು. ಅವರು ಅಂಜಿದ್ದು ದೆವ್ವಕ್ಕ ಅಲ್ರಿ. ನಮ್ಮಲ್ಲೂ ಕೂಸು ಹ್ವಾದ್ರ ಸುಡಂಗಿಲ್ಲ, ಹೂಳ್ತೀವಿ. ಅಲ್ಲಿ ಇದ್ದ ಒಬ್ಬಾಕಿ ತನ್ನ ಕೂಸು ಕಳಕೊಂಡು ವರ್ಷ ಆಗಿರಲಿಲ್ಲ. ಅದು ಯಾವ ಸಾಹೇಬ್ರಿಗೂ ಗೊತ್ತಿರಲಿಲ್ಲ, ಯಾಕಂದ್ರ ಯಾರೂ ಕೇಳಿರಲಿಲ್ಲ.

ಮುಗದ ಮ್ಯಾಲ ಎಲ್ಲಾ ಚೀಲದಾಗ ತುಂಬಿ ಗಾಡ್ಯಾಗ ಹೇರಿಕೊಂಡು ಹ್ವಾದ್ರು. ಊರಾಗ ಏನು ಸುದ್ದಿ ಆತು? ಬಂಗಾರ ಒಯ್ದ್ರು ಅಂತ. ಚೀಲದಾಗ ಇದ್ದದ್ದು ಬೋಕಿ (ಮಡಿಕಿ ಚೂರು), ಎಲುಬು, ಕಲ್ಲು ಅಂತ ನಾವು ಹೇಳಿದ್ರ "ನಿನಗೂ ಪಾಲು ಬಂದೈತಿ" ಅಂದ್ರು. ಹೋಗೂಕಿಂತ ಮೊದಲ ಒಂದು ಸಂಜೀಕ ಗುಡಿ ಕಟ್ಟಿ ಮ್ಯಾಲ ಅವನ್ನೆಲ್ಲಾ ಹರವಿ ತೋರಿಸಿದ್ರ ಮುಗೀತಿತ್ತು.

ರಿಟೈರ್ಡ್ ಮೇಷ್ಟ್ರು

ಶರಣಪ್ಪ, ನೀವು ಬರೆದದ್ದರ ಮುಂದೆ ನನ್ನ ಪೋಸ್ಟುಗಳು ಬರೀ ಪಾಠ. ಹುಡುಗಿ, ಪ್ರಶ್ನೆಪಟ್ಟಿ ಬೇಡ ಅಂದದ್ದು ಇದಕ್ಕೇ. ಕಾಗದ ಹಿಡಿದು ನಿಂತರೆ ನೀನು ಜನಗಣತಿಯವಳು ಇಲ್ಲ ರೇಷನ್ ಕಾರ್ಡಿನವಳು. ದನ ಎಷ್ಟು ಅಂತ ಕೇಳಿದರೆ ಸಬ್ಸಿಡಿಯೋ ತೆರಿಗೆಯೋ ಅಂತ ಲೆಕ್ಕ ಹಾಕಿ ಉತ್ತರ ಬರುತ್ತೆ. ದನಗಾಹಿ ಜೊತೆ ಒಂದು ಹೊತ್ತು ನಡೆ. "ಈ ತುಂಡು ಜಾಗ ಯಾಕೆ ಉತ್ತಿಲ್ಲ?", "ಇಲ್ಲಿ ದನ ಯಾಕೆ ನಿಲ್ಲಲ್ಲ?" ಅಂತ ಕಣ್ಣೆದುರು ಇರೋದನ್ನ ಕೇಳು.

ಪಹಣಿ ಪುರಾಣ

ಎಲ್ಲರೂ ನಿಧಿ ನಿಧಿ ಅಂತೀರಿ. ನಿಧಿಗಿಂತ ದೊಡ್ಡ ಭಯ ಜಮೀನಿನದು. ತಾಲೂಕು ಕಚೇರಿಯಲ್ಲಿ ಕೆಲಸ ಮಾಡಿದವನಾಗಿ ಹೇಳ್ತೀನಿ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆದಮೇಲೆ, ಕೇಂದ್ರ ಸಂರಕ್ಷಿತ ಸ್ಥಳದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ದಿಬ್ಬದ ಪಕ್ಕದ ಹೊಲದವನಿಗೆ ನೀವು ಟೇಪು ಹಿಡಿದದ್ದು ಕಂಡರೆ ಮಗನಿಗೆ ಕಟ್ಟಿಸಬೇಕು ಅಂದ್ಕೊಂಡಿರೋ ಮನೆ ಕಣ್ಣ ಮುಂದೆ ಬರುತ್ತೆ. ರಾತ್ರೋರಾತ್ರಿ ಜೆಸಿಬಿ ತರಿಸಿ ದಿಬ್ಬ ಸಮ ಮಾಡಿದರೆ ಆಶ್ಚರ್ಯ ಇಲ್ಲ. ಎಷ್ಟೋ ಬೂದಿದಿಬ್ಬಗಳ ಬೂದಿ ಹೊಲಕ್ಕೆ, ರಸ್ತೆಗೆ ಹೋಗಿ ಆಗಿದೆ.

ನೀವು ಸರ್ವೆ ಮಾಡಿದ ಮಾತ್ರಕ್ಕೆ ಯಾವ ಜಾಗವೂ ಸಂರಕ್ಷಿತ ಆಗಲ್ಲ, ಅದಕ್ಕೆ ಅಧಿಸೂಚನೆ ಆಗಬೇಕು. ಇದನ್ನ ಮೊದಲ ದಿನವೇ ಪಂಚಾಯ್ತಿಯಲ್ಲಿ ಬಾಯಿ ಬಿಟ್ಟು ಹೇಳಿ. ಹಾಗಂತ "ನಿಮ್ಮ ಹೊಲಕ್ಕೆ ಎಂದೂ ಏನೂ ಆಗಲ್ಲ" ಅಂತ ಮಾತು ಕೊಡಬೇಡಿ, ಅದು ನಿಮ್ಮ ಕೈಲಿಲ್ಲ.

ಹೊಸಪೇಟೆ ಹನುಮ

ಪಹಣಿಯವರ ಮಾತು ಹಂಪಿ ಸುತ್ತಲಿನವರಿಗೆ ವಿವರಿಸಿ ಹೇಳಬೇಕಿಲ್ಲ. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಅಂಗಡಿ ಮನೆ ಕೆಡವಿದರು, 2020ರಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಹೋದವು. ಕಾನೂನಿನ ಪ್ರಕಾರ ಸರಿಯೋ ತಪ್ಪೋ, ಆ ವಾದ ಇಲ್ಲಿ ಬೇಡ. ಆದರೆ ಸಾಲುಮಂಟಪದಲ್ಲಿ ಸಂಸಾರ ಮಾಡ್ತಿದ್ದವರನ್ನ ಒಂದು ಕಡತದಲ್ಲಿ "ಒತ್ತುವರಿ" ಅಂತ ಬರೆದಿದ್ದನ್ನೇ ಮಾನವಶಾಸ್ತ್ರದವರು ಬರೆದಿದ್ದರೆ "ಬಜಾರು ಇನ್ನೂ ಬಜಾರಾಗೇ ಇದೆ" ಅಂತ ಬರೀತಿದ್ದರೇನೋ. ಆ ಕಡೆಯ ಯಾವ ಊರಿಗೆ ಹೋದರೂ ನೀವು ಅದರ ನಂತರ ಬಂದವರು. ಅವರು ನಿಮ್ಮನ್ನ ನೋಡೋದು ಆ ಲೆಕ್ಕದಲ್ಲೇ.

ಫೀನಿಕ್ಸ್ ಕನ್ನಡಿಗ

ಶರಣಪ್ಪನವರು ಹೇಳಿದ ಕೂಸಿನ ಎಲುಬಿನ ವಿಷಯಕ್ಕೆ. ಇಲ್ಲಿ 1990ರಲ್ಲಿ ಒಂದು ಕಾಯ್ದೆ ಬಂತು. ಮೂಲನಿವಾಸಿಗಳ ಅಸ್ಥಿ, ಸಮಾಧಿಯ ವಸ್ತು ಎಲ್ಲ ಅವರವರ ಬುಡಕಟ್ಟಿಗೆ ಮರಳಿಸಬೇಕು. 2024ರ ಹೊಸ ನಿಯಮದ ಪ್ರಕಾರ ಅವುಗಳನ್ನ ಪ್ರದರ್ಶನಕ್ಕೆ ಇಡಲಿಕ್ಕೂ ಅಧ್ಯಯನಕ್ಕೂ ಮೊದಲೇ ಅವರ ಒಪ್ಪಿಗೆ ಬೇಕು. ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳೇ ಗಾಜಿನ ಪೆಟ್ಟಿಗೆಗೆ ಬಟ್ಟೆ ಮುಚ್ಚಿದವು. ಕಾಯ್ದೆ ಬಂದಮೇಲೂ ಜಗಳ ನಿಂತಿಲ್ಲ. 1996ರಲ್ಲಿ ವಾಷಿಂಗ್ಟನ್ ರಾಜ್ಯದ ನದಿ ದಂಡೆಯಲ್ಲಿ ಸಿಕ್ಕ ಕೆನೆವಿಕ್ ಮನುಷ್ಯನ ಅಸ್ಥಿಗೆ ಇಪ್ಪತ್ತು ವರ್ಷ ಕೋರ್ಟು ಕಚೇರಿ. 2015ರಲ್ಲಿ ಡಿಎನ್‌ಎ ಅವನು ಅಲ್ಲಿಯವರ ನಂಟನೇ ಅಂತ ಹೇಳಿತು, 2017ರಲ್ಲಿ ಐದು ಬುಡಕಟ್ಟಿನವರು ಸೇರಿ ಹೂತರು. ಬುಡಕಟ್ಟಿನವರು ಮೊದಲಿಂದ ಅದನ್ನೇ ಹೇಳ್ತಿದ್ದರು.

ಗಂಗಾವತಿ ಗುಂಡು

ನಮ್ಮ ಹಿರೇಬೆಣಕಲ್ ನೋಡಿ. ನೂರಾರು ಕಲ್ಲುಮನೆ, ಚಪ್ಪಡಿಯಲ್ಲಿ ದುಂಡನೆ ಕಿಂಡಿ. ಊರವರು ಮೊರೇರ ಮನೆ ಅಂತಾರೆ, ಮೊರೇರು ಗಿಡ್ಡ ಜನ, ಆ ಕಿಂಡಿಯಿಂದಲೇ ಓಡಾಡ್ತಿದ್ದರು ಅಂತಾರೆ. ಪಂಡಿತರ ಪ್ರಕಾರ ಸತ್ತವರಿಗೆ ಕಟ್ಟಿದ್ದು. 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿಗೂ ಸೇರಿತು. ನನ್ನ ತಕರಾರು ಏನಂದರೆ, ಬೋರ್ಡು ಬರೆಯುವವರು ಊರಿನ ಕತೆಯನ್ನ "ಮೂಢನಂಬಿಕೆ" ಅಂತ ಒರೆಸಿಹಾಕ್ತಾರೆ. ಆ ಕತೆ ಇದ್ದದ್ದಕ್ಕೇ ಜನ ಆ ಗುಡ್ಡದ ಕಲ್ಲು ಮುಟ್ಟದೆ ಬಿಟ್ಟಿದ್ದು. ಕತೆ ಹೋಗಿ ಬೋರ್ಡು ಬಂದಮೇಲೆ ಚಪ್ಪಡಿ ಎಬ್ಬಿಸಿ ನಿಧಿ ನೋಡೋರೂ ಬಂದರು.

ರಿಟೈರ್ಡ್ ಮೇಷ್ಟ್ರು

ಗುಂಡು, ಅರ್ಧ ಒಪ್ಪಿದೆ. ಭಕ್ತಿ ಕಾಪಾಡೋದೂ ಇದೆ, ಮುಚ್ಚಿಹಾಕೋದೂ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬ ಗುಡಿಯಲ್ಲಿ ಅಶೋಕನ ಶಾಸನದ ಕಲ್ಲು ಕಾಳಿ ವಿಗ್ರಹದ ಪೀಠವಾಗಿ ಕೂತಿತ್ತು. 1986ರಲ್ಲಿ ಚಾವಣಿ ಕುಸಿದು ವಿಗ್ರಹ ಒಡೆದಾಗಲೇ ಅದು ಬೆಳಕಿಗೆ ಬಂದದ್ದು. ಆ ಕಲ್ಲು ಅಷ್ಟು ವರ್ಷ ಉಳಿದದ್ದು ಪೂಜೆಯಿಂದ, ಓದಲು ಸಿಗದೆ ಹೋದದ್ದೂ ಪೂಜೆಯಿಂದ. ನಮಗೆ ಶಾಸನ ಸಿಕ್ಕ ದಿನ ಊರವರಿಗೆ ದೇವಿ ಒಡೆದ ದಿನ. ಎರಡನ್ನೂ ಡೈರಿಯಲ್ಲಿ ಬರೆಯೋಕೆ ಬರಬೇಕು.

ಸರ್ವೆ ಹುಡುಗಿ

ಪ್ರಿಂಟ್ ಹಾಕಿಸಿದ್ದನ್ನ ಪಕ್ಕಕ್ಕಿಟ್ಟಿದೀವಿ. ಗೈಡ್‌ಗೆ ಹೇಳಿ ಎರಡು ವಿಷಯ ಒಪ್ಪಿಸಿದೀವಿ: ಮೊದಲ ದಿನ ಪಂಚಾಯ್ತಿಗೆ ಹೋಗಿ ಪಹಣಿ ಸರ್ ಹೇಳಿದ ಹಾಗೆ ಮಾತಾಡೋದು, ಕೊನೇ ದಿನ ಶಾಲೆ ಅಂಗಳದಲ್ಲಿ ಫೋಟೊ, ನಕ್ಷೆ ಎಲ್ಲ ತೋರಿಸೋದು. ಮೇಲ್ಮೈಯಲ್ಲಿ ಸಿಗೋ ಬೋಕಿ, ಕಲ್ಲಿನ ಅಲಗು ಎತ್ಕೊಂಡು ಬರಲ್ಲ, ಅಲ್ಲೇ ಅಳೆದು ಅಲ್ಲೇ ಬಿಡೋದು. ಗೊಬ್ಬರದ ಲೆಕ್ಕ ಅವರ ಪ್ರಶ್ನೆಯನ್ನೇ ಅಧ್ಯಾಯಕ್ಕೆ ಇಟ್ಕೊಂಡಿದೀನಿ. ಎಲ್ಲೆಲ್ಲಿ ತಿಪ್ಪೆ ಹಾಕ್ತಾರೆ, ಯಾವಾಗ ಹೊಲಕ್ಕೆ ಹೊಡೀತಾರೆ, ಬೆಂಕಿ ಬಿದ್ದರೆ ಏನ್ಮಾಡ್ತಾರೆ, ಇಷ್ಟೇ ಕೇಳೋದು. ಶರಣಣ್ಣ, ಯಾವ ತಿಂಗಳು ಬಂದರೆ ಜನಕ್ಕೆ ತೊಂದರೆ ಆಗಲ್ಲ?

ಸುರಪುರದ ಶರಣ

ರಾಶಿ ಟೈಮಿಗೆ ಬರಬ್ಯಾಡ್ರಿ ತಂಗಿ, ಯಾರಿಗೂ ಮಾತಾಡಾಕ ಪುರಸೊತ್ತು ಇರಂಗಿಲ್ಲ. ದೀಪಾವಳಿಗೆ ಬರ್ರಿ. ಪಾಡ್ಯದ ದಿನ ಮುಂಜಾನೆ ಮನಿಮನಿಯಾಗ ಹೆಣ್ಮಕ್ಕಳು ಸಗಣಿಲೆ ಪಾಂಡವರನ್ನ ಮಾಡಿ, ಹೂವು ಸಿಗಿಸಿ, ಬಾಗಿಲ ಮುಂದ ಇಡ್ತಾರ. ಸಗಣಿ ಬಗ್ಗೆ ಕೇಳಬೇಕಂದ್ರ ಅವತ್ತ ಅವರನ್ನ ಕೇಳ್ರಿ. ಗಂಡಸರನ್ನ ಕೇಳಬ್ಯಾಡ್ರಿ, ನಮಗ ಗೊತ್ತಿಲ್ಲ.